ನಿಂತು ಇಳಿಯುವುದಾ, ಇಳಿದು ನಿಲ್ಲುವುದಾ? ವಿಮಾನವಾಹಕ ನೌಕೆಗೆ ಯಾವ ಯುದ್ಧವಿಮಾನ ಸರಿ

ಗೋವಾದ ಬೋಗ್ಮಾಲೋ ಬೀಚಿಗೆ ಹೋಗುವ ದಾರಿಯಲ್ಲಿ ನೌಕಾಪಡೆಯ ವಿಮಾನಗಳ ಮ್ಯೂಸಿಯಂ ಇದೆ. ಕಾರವಾರ ದಾಟಿ ಗೋವಾಕ್ಕೆ ಹೋಗುವ ನಮ್ಮ ಕಡೆಯವರು ಬೀಚು ನೋಡಿಕೊಂಡು ವಾಪಸ್ ಬಂದುಬಿಡುತ್ತಾರೆ. ಒಂದು ಗಂಟೆ ಬಿಡುವಿದ್ದರೆ ಅಲ್ಲಿಗೂ ಹೋಗಿ. ಅಂಗಳದಲ್ಲಿ ಹಳೆಯ ಸೀ ಹಾಕ್ ನಿಂತಿದೆ, ಸೀ ಹ್ಯಾರಿಯರ್ ಕೂಡ ಇದೆ. ಸೀ ಹಾಕ್ ಬಾಲದ ಕೆಳಗೆ ಬಗ್ಗಿ ನೋಡಿದರೆ ಒಂದು ಕೊಕ್ಕೆ ಕಾಣುತ್ತದೆ. ಹ್ಯಾರಿಯರ್‌ಗೆ ಕೊಕ್ಕೆಯೇ ಇಲ್ಲ. ಅದರ ಹೊಟ್ಟೆಯ ಎರಡೂ ಪಕ್ಕಕ್ಕೆ ಎಂಜಿನ್ ಗಾಳಿ ಹೊರನುಗ್ಗುವ ಎರಡೆರಡು ನಾಝಲ್‌ಗಳಿವೆ, ತಿರುಗಿಸಿದರೆ ನೆಲದ ಕಡೆ ಮುಖ ಮಾಡುವಂಥವು. ರೆಕ್ಕೆಯ ತುದಿಯ ಹತ್ತಿರ ಎರಡು ಪುಟ್ಟ ಚಕ್ರ, ಸೈಕಲ್ ಕಲಿಯುವ ಮಕ್ಕಳಿಗೆ ಪಕ್ಕದಲ್ಲಿ ಹಾಕಿಕೊಡುತ್ತೇವಲ್ಲ, ಹಾಗೆ.

ಈ ಎರಡೂ ಬಗೆಯ ವಿಮಾನಗಳು ಒಂದೇ ಹಡಗಿನಿಂದ ಹಾರಿದವು. ಅದು ಹಳೆಯ ವಿಕ್ರಾಂತ್. 1961ರಲ್ಲಿ ನೌಕಾಪಡೆಗೆ ಸೇರಿದಾಗ ಅದರಲ್ಲಿ ವಿಮಾನವನ್ನು ಮುಂದಕ್ಕೆ ಒದ್ದು ಹಾರಿಸುವ, ಉಗಿಯಿಂದ ನಡೆಯುವ ಕ್ಯಾಟಪುಲ್ಟ್ ಇತ್ತು, ಇಳಿಯುವಾಗ ಕೊಕ್ಕೆಯನ್ನು ಹಿಡಿದು ನಿಲ್ಲಿಸುವ ಉಕ್ಕಿನ ಹಗ್ಗಗಳಿದ್ದವು. 1983ರ ಕೊನೆಗೆ ಮೊದಲ ಸೀ ಹ್ಯಾರಿಯರ್‌ಗಳು ಗೋವಾಕ್ಕೆ ಬಂದವು. ಆಮೇಲೆ ಹಡಗಿನ ಕ್ಯಾಟಪುಲ್ಟ್ ಕಿತ್ತು, ಮೂತಿಗೆ ಸ್ಕೀ-ಜಂಪ್, ಅಂದರೆ ಮೇಲಕ್ಕೆ ಬಾಗಿದ ಏರು, ಕೂರಿಸಿದರು. ಒಂದೇ ಹಡಗು ಎರಡು ದಾರಿಯನ್ನೂ ತುಳಿದು ನೋಡಿದೆ.

ಇವತ್ತಿಗೂ ಈ ಪ್ರಶ್ನೆ ಮುಗಿದಿಲ್ಲ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಅಮೆರಿಕದ ಎಫ್-35 ಬಂದಾಗ ಎಷ್ಟೋ ಜನ ಕೇಳಿದರು: "ಇದು ಹೆಲಿಕಾಪ್ಟರ್ ತರ ಇಳಿಯುತ್ತಂತೆ, ನಮ್ಮ ವಿಕ್ರಾಂತ್‌ಗೆ ಇದನ್ನೇ ತಗೋಬಹುದಲ್ವಾ?" ಮೊದಲು ಇದನ್ನು ಬಿಡಿಸಿ ಹೇಳಬೇಕು. ಎಫ್-35ರಲ್ಲಿ ಮೂರು ಬಗೆ. ಯಲಹಂಕದಲ್ಲಿ ಹಾರಿದ್ದು 'ಎ', ಅದಕ್ಕೆ ಉದ್ದ ರನ್‌ವೇ ಬೇಕು. ನೇರವಾಗಿ ಇಳಿಯುವುದು 'ಬಿ'. ಕ್ಯಾಟಪುಲ್ಟ್ ಮತ್ತು ಕೊಕ್ಕೆ ನಂಬಿದ್ದು 'ಸಿ'. ನಾವು ಹೋಲಿಸಬೇಕಾದದ್ದು 'ಬಿ' ಮತ್ತು 'ಸಿ'. ಹೆಸರು ಒಂದೇ ಆದರೂ ಗುಣ ಬೇರೆ.

ಇಳಿಯುವ ಆ ಕೆಲವು ಕ್ಷಣ

ಕೊಕ್ಕೆಯ ವಿಮಾನ ಡೆಕ್ ಕಡೆ ಬರುವಾಗ ಅದರ ವೇಗ ಗಂಟೆಗೆ 240 ಕಿಮೀ ಆಸುಪಾಸು. ಕೆಳಗಿರುವ ಹಡಗು ಮುಂದಕ್ಕೆ ಓಡುತ್ತಿರುತ್ತದೆ, ಮೇಲಕ್ಕೂ ಕೆಳಕ್ಕೂ ತೂಗುತ್ತಿರುತ್ತದೆ. ಚಕ್ರ ಡೆಕ್ ಮುಟ್ಟಿದ ಕೂಡಲೇ ಪೈಲಟ್ ಎಂಜಿನ್ ಶಕ್ತಿಯನ್ನು ಕಡಿಮೆ ಮಾಡುವುದಿಲ್ಲ, ಪೂರ್ತಿ ಏರಿಸುತ್ತಾರೆ. ಮೊದಲ ಸಲ ಕೇಳಿದಾಗ ನನಗೂ ಇದು ಉಲ್ಟಾ ಅನಿಸಿತ್ತು. ಕಾರಣ ಸರಳ. ಕೊಕ್ಕೆ ಹಗ್ಗಕ್ಕೆ ಸಿಕ್ಕದಿದ್ದರೆ ಮುಂದೆ ಸಮುದ್ರವೇ ಇರುವುದು. ಆಗ ಮತ್ತೆ ಮೇಲೇಳುವಷ್ಟು ವೇಗ ಉಳಿದಿರಬೇಕು. ಸಿಕ್ಕಿದರೆ ಎರಡು ಮೂರು ಸೆಕೆಂಡಿನಲ್ಲಿ, ನೂರು ಮೀಟರ್ ಆಸುಪಾಸಿನಲ್ಲಿ ವಿಮಾನ ನಿಂತಿರುತ್ತದೆ. 2020ರ ಜನವರಿ 11ರಂದು ಕಮೋಡೋರ್ ಜೈದೀಪ್ ಮಾವಳಂಕರ್ ಅವರು ನಮ್ಮ ಬೆಂಗಳೂರಿನ ನೌಕಾ ತೇಜಸ್ ವಿಮಾನವನ್ನು ವಿಕ್ರಮಾದಿತ್ಯದ ಮೇಲೆ ಇಳಿಸಿದ್ದು ಹೀಗೆಯೇ.

ಎಫ್-35ಬಿ ಇಳಿಯುವ ರೀತಿ ಪೂರ್ತಿ ಬೇರೆ. ಅದು ಹಡಗಿನ ಎಡ ಪಕ್ಕಕ್ಕೆ ಬಂದು ಹಡಗಿನ ವೇಗಕ್ಕೇ ಹೊಂದಿಕೊಳ್ಳುತ್ತದೆ. ಕಾಕ್‌ಪಿಟ್ಟಿನ ಹಿಂದೆ ದೊಡ್ಡದೊಂದು ಮುಚ್ಚಳ ಮೇಲೆದ್ದು, ಒಳಗಿನ ಲಿಫ್ಟ್ ಫ್ಯಾನ್ ಗಾಳಿಯನ್ನು ಕೆಳಕ್ಕೆ ನೂಕುತ್ತಿರುತ್ತದೆ. ಬಾಲದ ನಾಝಲ್ ಮೊಣಕೈ ಮಡಿಸಿದ ಹಾಗೆ ಕೆಳಕ್ಕೆ ಬಾಗಿರುತ್ತದೆ. ಎರಡೂ ರೆಕ್ಕೆಯಡಿ ಸಣ್ಣ ಗಾಳಿಕಿಂಡಿಗಳು ಸಮತೋಲ ನೋಡಿಕೊಳ್ಳುತ್ತವೆ. ಗಾಳಿಯಲ್ಲಿ ನಿಂತ ವಿಮಾನ ಅಡ್ಡಕ್ಕೆ ಜರುಗಿ ಡೆಕ್ ಮೇಲೆ ಬಂದು ಮೆಲ್ಲಗೆ ಕೂರುತ್ತದೆ. ಹ್ಯಾರಿಯರ್‌ನಲ್ಲಿ ಇದೆಲ್ಲ ಪೈಲಟ್ ಕೈಚಳಕದ ಮೇಲೆ ನಿಂತಿತ್ತು. ನಮ್ಮ ಸೀ ಹ್ಯಾರಿಯರ್‌ಗಳಲ್ಲಿ ಅರ್ಧದಷ್ಟು ಅಪಘಾತಗಳಲ್ಲೇ ಹೋದವು. ಎಫ್-35ಬಿಯಲ್ಲಿ ಹೆಚ್ಚಿನ ಲೆಕ್ಕವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಪೈಲಟ್ ಕೈಬಿಟ್ಟರೂ ಅದು ನಿಂತ ಜಾಗದಲ್ಲೇ ನಿಲ್ಲುತ್ತದೆ.

ಇಳಿದು ನಿಲ್ಲುವುದಕ್ಕಿಂತ ನಿಂತು ಇಳಿಯುವುದು ಸುಲಭ ಅನ್ನುವುದು ಹ್ಯಾರಿಯರ್ ಓಡಿಸಿದವರ ಹಳೆಯ ಮಾತು. ಅದು ನಿಜ. ಆದರೆ ಆ ಸುಲಭಕ್ಕೆ ಬೆಲೆ ಇದೆ.

ತಕ್ಕಡಿಯಲ್ಲಿ ಇಟ್ಟು ನೋಡಿದರೆ

ನೇರವಾಗಿ ಇಳಿಯುವಾಗ ರೆಕ್ಕೆ ಏನೂ ಹೊರುವುದಿಲ್ಲ. ವಿಮಾನದ ಇಡೀ ಭಾರ ಎಂಜಿನ್ ಮೇಲೆ. ಎಫ್-35ಬಿಯ ಖಾಲಿ ತೂಕ 14.7 ಟನ್ ಸುಮಾರು. ನೇರ ಇಳಿಯುವಾಗ ಅದರ ನೂಕುಬಲ 18 ಟನ್ ಚಿಲ್ಲರೆ. ಉಳಿದ ಮೂರು ಮೂರೂವರೆ ಟನ್ನಿನಲ್ಲಿ ಪೈಲಟ್, ಮಿಕ್ಕ ಇಂಧನ, ಬಳಸದ ಬಾಂಬು, ಕ್ಷಿಪಣಿ ಎಲ್ಲ ಬರಬೇಕು. ಅದರಲ್ಲೂ ಒಂದಿಷ್ಟು ಬಲವನ್ನು ಮೀಸಲು ಇಟ್ಟುಕೊಳ್ಳಬೇಕು. ಸೆಕೆ ಏರಿದರೆ ಗಾಳಿ ತೆಳುವಾಗುತ್ತದೆ, ಎಂಜಿನ್ ಬಲ ಇಳಿಯುತ್ತದೆ. ಏಪ್ರಿಲ್‌ನ ಅರಬ್ಬೀ ಸಮುದ್ರಕ್ಕೂ ಚಳಿಗಾಲದ ಉತ್ತರ ಅಟ್ಲಾಂಟಿಕ್‌ಗೂ ಇಲ್ಲಿ ಬಹಳ ವ್ಯತ್ಯಾಸ. ಹ್ಯಾರಿಯರ್‌ನ ಎಂಜಿನ್ನಿಗಂತೂ ಬಿಸಿಲಲ್ಲಿ ಇಳಿಯುವಾಗ ನೀರು ಚಿಮ್ಮಿಸಿ ತಂಪು ಮಾಡಬೇಕಿತ್ತು. ಆ ನೀರು ಒಂದೂವರೆ ನಿಮಿಷಕ್ಕೆ ಖಾಲಿ.

ಇಳಿಯುವ ತೂಕ ಮಿತಿ ಮೀರಿದರೆ ಬಳಸದ ದುಬಾರಿ ಬಾಂಬನ್ನು ಸಮುದ್ರಕ್ಕೆ ಎಸೆದೇ ಬರಬೇಕಾಗುತ್ತದೆ. ಇದನ್ನು ತಪ್ಪಿಸಲು ಬ್ರಿಟಿಷರು ಒಂದು ನಡುದಾರಿ ಹುಡುಕಿದರು. ಪೂರ್ತಿ ನಿಲ್ಲದೆ, ನಿಧಾನವಾಗಿ ಮುಂದಕ್ಕೆ ಉರುಳುತ್ತಲೇ ಇಳಿಯುವುದು. ಆಗ ರೆಕ್ಕೆಯೂ ಸ್ವಲ್ಪ ಭಾರ ಹೊರುತ್ತದೆ. 2018ರ ಅಕ್ಟೋಬರ್‌ನಲ್ಲಿ ಎಚ್‌ಎಂಎಸ್ ಕ್ವೀನ್ ಎಲಿಜಬೆತ್ ಮೇಲೆ ಇದನ್ನು ಮಾಡಿ ತೋರಿಸಿದರು.

ಇನ್ನೊಂದು ನಷ್ಟ ಹಾರಾಟದುದ್ದಕ್ಕೂ ಇರುತ್ತದೆ. ಲಿಫ್ಟ್ ಫ್ಯಾನ್ ಕೆಲಸ ಮಾಡುವುದು ಮೇಲೇಳುವಾಗ ಮತ್ತು ಇಳಿಯುವಾಗ ಕೆಲವು ನಿಮಿಷ ಮಾತ್ರ. ಮಿಕ್ಕ ಹೊತ್ತೆಲ್ಲ ಅದನ್ನು ಸುಮ್ನೆ ಹೊತ್ತು ತಿರುಗಬೇಕು. ಅದು ಕೂತ ಜಾಗದಲ್ಲಿ ಇಂಧನ ತುಂಬಬಹುದಿತ್ತು. 'ಬಿ'ಯೊಳಗೆ ಸುಮಾರು 6 ಟನ್ ಇಂಧನ ಹಿಡಿದರೆ 'ಸಿ'ಯೊಳಗೆ 9 ಟನ್ ಹತ್ತಿರ ಹಿಡಿಯುತ್ತದೆ. 'ಬಿ' ಹೋಗಿ ಹೊಡೆದು ವಾಪಸ್ ಬರಬಹುದಾದ ದೂರ 830 ಕಿಮೀ ಆಸುಪಾಸು, 'ಸಿ'ಗೆ 1,100 ಕಿಮೀ. 'ಸಿ'ಯ ರೆಕ್ಕೆ ದೊಡ್ಡದು, ಹೊಟ್ಟೆಯೊಳಗೆ ಒಂದು ಟನ್ ತೂಗುವ ಬಾಂಬು ಇಟ್ಟುಕೊಳ್ಳಬಹುದು. 'ಬಿ'ಯಲ್ಲಿ ಅದರ ಅರ್ಧ ತೂಕದ್ದು ಮಾತ್ರ. ಇಷ್ಟಾದರೂ 'ಬಿ'ಯೇ ದುಬಾರಿ. 2019ರ ಒಪ್ಪಂದದಲ್ಲಿ ಒಂದು 'ಬಿ'ಗೆ ಸುಮಾರು 10.1 ಕೋಟಿ ಡಾಲರ್, 'ಸಿ'ಗೆ 9.4 ಕೋಟಿ ಡಾಲರ್ ಇತ್ತು.

ಬರೀ ವಿಮಾನವನ್ನು ನೋಡಿ ಆರಿಸುವುದಾದರೆ ಮಾತು ಇಲ್ಲಿಗೇ ಮುಗಿಯಿತು, 'ಸಿ' ಗೆದ್ದಿತು. ಆದರೆ ಯಾರೂ ಬರೀ ವಿಮಾನವನ್ನು ಕೊಳ್ಳುವುದಿಲ್ಲ. ಹಡಗು, ವಿಮಾನ, ಪೈಲಟ್ ಮೂರನ್ನೂ ಒಟ್ಟಿಗೆ ಕೊಳ್ಳುತ್ತಾರೆ.

ಫಾಕ್‌ಲೆಂಡ್ಸ್ ಹೇಳಿಕೊಟ್ಟದ್ದು

ಈ ಹೋಲಿಕೆಗೆ 1982ರ ಫಾಕ್‌ಲೆಂಡ್ಸ್ ಯುದ್ಧಕ್ಕಿಂತ ಒಳ್ಳೆಯ ಪಾಠ ಇಲ್ಲ. ಅಲ್ಲಿ ಎರಡೂ ಬಗೆಯ ಹಡಗುಗಳು ಎದುರುಬದುರಾಗಿದ್ದವು. ಅರ್ಜೆಂಟೀನಾ ಹತ್ತಿರ ಕ್ಯಾಟಪುಲ್ಟ್ ಇದ್ದ 'ವೆಂಟಿಸಿಂಕೊ ದೆ ಮಾಯೊ'. ಬ್ರಿಟನ್ ಹತ್ತಿರ ಸೀ ಹ್ಯಾರಿಯರ್ ಹೊತ್ತ ಹರ್ಮೀಸ್ ಮತ್ತು ಇನ್ವಿನ್ಸಿಬಲ್.

ಮೇ 2ರಂದು ಅರ್ಜೆಂಟೀನಾದವರು ಬಾಂಬು ತುಂಬಿದ ಸ್ಕೈಹಾಕ್‌ಗಳಿಂದ ಬ್ರಿಟಿಷ್ ಹಡಗುಗಳ ಮೇಲೆ ಎರಗಲು ತಯಾರಾಗಿದ್ದರು. ಆ ದಿನ ಗಾಳಿಯೇ ಬೀಸಲಿಲ್ಲ. ಭಾರ ಹೊತ್ತ ವಿಮಾನ ಮೇಲೇಳಬೇಕಾದರೆ ಕ್ಯಾಟಪುಲ್ಟ್ ಒದೆತದ ಜೊತೆಗೆ ಡೆಕ್ ಮೇಲೆ ಎದುರುಗಾಳಿಯೂ ಸಾಕಷ್ಟಿರಬೇಕು. ಆ ಹಳೆಯ, ನಿಧಾನದ ಹಡಗಿಗೆ ತನ್ನ ಓಟದಿಂದಲೇ ಅಷ್ಟು ಗಾಳಿ ಹುಟ್ಟಿಸಲು ಆಗಲಿಲ್ಲ. ದಾಳಿ ನಿಂತೇಹೋಯಿತು. ಹ್ಯಾರಿಯರ್‌ಗಳು ಮಾತ್ರ ದಕ್ಷಿಣ ಅಟ್ಲಾಂಟಿಕ್‌ನ ಕೆಟ್ಟ ಹವೆಯಲ್ಲೂ ಹಾರಿದವು, ಇಳಿದವು. ಇಪ್ಪತ್ತು ಸೀ ಹ್ಯಾರಿಯರ್‌ಗಳೊಂದಿಗೆ ಹೊರಟ ಬ್ರಿಟಿಷರು ಆಕಾಶದ ಕಾಳಗದಲ್ಲಿ ಒಂದನ್ನೂ ಕಳೆದುಕೊಳ್ಳಲಿಲ್ಲ. ನೇರ ಇಳಿಯುವ ವಿಮಾನದ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಎರಡೇ ದಿನದಲ್ಲಿ ಇನ್ನೊಂದು ಮುಖವೂ ಕಂಡಿತು. ಮೇ 4ರಂದು ಅಲೆಗಳ ಮಟ್ಟದಲ್ಲಿ ಬಂದ ಎಕ್ಸೊಸೆಟ್ ಕ್ಷಿಪಣಿ ಎಚ್‌ಎಂಎಸ್ ಶೆಫೀಲ್ಡ್‌ಗೆ ಬಡಿಯಿತು. ಶತ್ರು ವಿಮಾನ ಕೆಳಗೆ ಹಾರಿ ಬರುತ್ತಿದ್ದದ್ದನ್ನು ದೂರದಿಂದಲೇ ನೋಡಬಲ್ಲ, ಎತ್ತರದಲ್ಲಿ ಹಾರುವ ರೇಡಾರ್ ವಿಮಾನ ಬ್ರಿಟಿಷರಲ್ಲಿ ಇರಲಿಲ್ಲ. ಮೊದಲು ಇತ್ತು. ಗ್ಯಾನೆಟ್ ಅನ್ನುವ ಆ ವಿಮಾನ ಹಾರಲು ಕ್ಯಾಟಪುಲ್ಟ್ ಬೇಕಿತ್ತು. ಕ್ಯಾಟಪುಲ್ಟ್ ಇದ್ದ ಕೊನೆಯ ಹಡಗು ಆರ್ಕ್ ರಾಯಲ್ 1970ರ ದಶಕದ ಕೊನೆಯಲ್ಲೇ ಸೇವೆಯಿಂದ ಹೋಗಿತ್ತು. ಅದರ ಜೊತೆ ಕಣ್ಣೂ ಹೋಗಿತ್ತು. ಆಮೇಲೆ ಗಡಿಬಿಡಿಯಲ್ಲಿ ಸೀ ಕಿಂಗ್ ಹೆಲಿಕಾಪ್ಟರ್‌ಗೆ ರೇಡಾರ್ ಕಟ್ಟಿದರು. ಅದು ತಯಾರಾಗುವಷ್ಟರಲ್ಲಿ ಯುದ್ಧ ಮುಗಿದಿತ್ತು.

ಕ್ಯಾಟಪುಲ್ಟಿನ ಬಗ್ಗೆ ಮಾತಾಡುವಾಗ ಎಲ್ಲರೂ ಯುದ್ಧವಿಮಾನವನ್ನೇ ನೋಡುತ್ತಾರೆ. ನನ್ನ ಮಟ್ಟಿಗೆ ಕ್ಯಾಟಪುಲ್ಟ್ ಬೇಕಾಗಿರುವುದು ಮೊದಲು ಈ ರೇಡಾರ್ ವಿಮಾನಕ್ಕೆ. ಭೂಮಿ ದುಂಡಗಿರುವುದರಿಂದ ನೋಟಕ್ಕೆ ಮಿತಿ ಇದೆ. 3 ಕಿಮೀ ಎತ್ತರದಲ್ಲಿರುವ ಹೆಲಿಕಾಪ್ಟರ್ ರೇಡಾರ್‌ಗೆ ಸಮುದ್ರಮಟ್ಟದ ವಸ್ತು ಹೆಚ್ಚೆಂದರೆ 225 ಕಿಮೀ ದೂರದವರೆಗೆ ಕಾಣಬಹುದು. 9 ಕಿಮೀ ಎತ್ತರದ ಹಾಕ್‌ಐ ರೇಡಾರ್ ವಿಮಾನಕ್ಕೆ 390 ಕಿಮೀ. ಹೆಲಿಕಾಪ್ಟರ್ ಬೇಗ ವಾಪಸ್ ಬರಬೇಕು, ಹಾಕ್‌ಐ ನಾಲ್ಕೈದು ಗಂಟೆ ಮೇಲೇ ಇರುತ್ತದೆ. ಅಮೆರಿಕ ಮತ್ತು ಫ್ರಾನ್ಸ್ ಹಡಗುಗಳಲ್ಲಿ ಅದು ಇದೆ. 2025ರ ನವೆಂಬರ್‌ನಲ್ಲಿ ಸೇವೆಗೆ ಸೇರಿದ ಚೀನಾದ ಫುಜಿಯಾನ್‌ನಲ್ಲಿ ವಿದ್ಯುತ್ಕಾಂತೀಯ ಕ್ಯಾಟಪುಲ್ಟ್ ಇದೆ, ಅದಕ್ಕೆಂದೇ ಚೀನಾ ಕೆಜೆ-600 ಅನ್ನುವ ತನ್ನದೇ ರೇಡಾರ್ ವಿಮಾನ ಮಾಡಿಕೊಂಡಿದೆ. ಬ್ರಿಟನ್ನಿನ 65 ಸಾವಿರ ಟನ್ನಿನ ಹೊಸ ಹಡಗುಗಳು ಇಂದಿಗೂ ಹೆಲಿಕಾಪ್ಟರ್ ರೇಡಾರ್ ಮೇಲೇ ನಿಂತಿವೆ.

ಅಂದಹಾಗೆ, ಆ ಹರ್ಮೀಸ್ ಹಡಗೇ 1987ರಲ್ಲಿ ನಮ್ಮ ಐಎನ್‌ಎಸ್ ವಿರಾಟ್ ಆಯಿತು.

ಹಗ್ಗ ಕಡಿದರೆ?

ಕೊಕ್ಕೆ-ಹಗ್ಗದ ಪದ್ಧತಿಯ ದೊಡ್ಡ ಅಪಾಯ ಇದು. ಎಲ್ಲ ವಿಮಾನಗಳೂ ಒಂದೇ ಯಂತ್ರವನ್ನು ನಂಬಿರುತ್ತವೆ. 2016ರ ನವೆಂಬರ್‌ನಲ್ಲಿ ಸಿರಿಯಾ ಹತ್ತಿರ ರಷ್ಯಾದ ಕುಜ್ನೆತ್ಸೋವ್ ಹಡಗಿನ ಹಗ್ಗ ಕೆಟ್ಟಿತು. ಇಳಿಯಲು ಕಾಯುತ್ತಿದ್ದ ಮಿಗ್-29ಕೆ ಸಮುದ್ರಕ್ಕೆ ಬಿತ್ತು. ಮೂರು ವಾರದ ಒಳಗೆ ಮತ್ತೆ ಹಗ್ಗ ಕಡಿದು ಒಂದು ಸು-33 ಡೆಕ್ ದಾಟಿ ಹೋಯಿತು. 2025ರ ಮೇ ತಿಂಗಳಲ್ಲಿ ಕೆಂಪು ಸಮುದ್ರದಲ್ಲಿ ಅಮೆರಿಕದ ಟ್ರೂಮನ್ ಹಡಗಿನಲ್ಲೂ ಇಳಿಯುವಾಗ ವಿಮಾನ ನಿಲ್ಲದೆ ಒಂದು ಸೂಪರ್ ಹಾರ್ನೆಟ್ ಸಮುದ್ರ ಸೇರಿತು. ದಶಕಗಳ ಅನುಭವ ಇದ್ದವರಿಗೂ ಹೀಗಾಗುತ್ತದೆ.

ಪೈಲಟ್ ಕೈ ಪಳಗಿಸುವುದೂ ದುಬಾರಿ. ಅಭ್ಯಾಸ ತಪ್ಪಿದರೆ ಆ ಕಲೆ ಬೇಗ ಮಾಸುತ್ತದೆ. ಫ್ರಾನ್ಸಿಗೆ ಇರುವುದು ಒಂದೇ ಹಡಗು, ಶಾರ್ಲ್ ದ ಗಾಲ್. 2017ರಲ್ಲಿ ಅದು ದೊಡ್ಡ ರಿಪೇರಿಗೆ ನಿಂತಿತು. ಮರುವರ್ಷ ಫ್ರೆಂಚರು ತಮ್ಮ ರಫೇಲ್‌ಗಳನ್ನು ಅಟ್ಲಾಂಟಿಕ್ ದಾಟಿಸಿ, ಅಮೆರಿಕದ ಹಡಗಿನ ಮೇಲೆ ಇಳಿದು ಅಭ್ಯಾಸ ಉಳಿಸಿಕೊಂಡರು. ನಾವು ಇದಕ್ಕೆಂದೇ ಗೋವಾದ ಐಎನ್‌ಎಸ್ ಹನ್ಸಾದಲ್ಲಿ ನೆಲದ ಮೇಲೊಂದು ನಕಲು ಡೆಕ್ ಕಟ್ಟಿಕೊಂಡಿದ್ದೇವೆ, ಸ್ಕೀ-ಜಂಪ್ ಸಮೇತ.

ನೇರ ಇಳಿಯುವ ವಿಮಾನಕ್ಕೆ ಹಗ್ಗದ ಚಿಂತೆ ಇಲ್ಲ. ಅದರ ತೊಂದರೆ ಬೇರೆ ಬಗೆಯದು. ಲಿಫ್ಟ್ ಫ್ಯಾನ್, ಅದನ್ನು ತಿರುಗಿಸುವ ಶಾಫ್ಟ್, ಕ್ಲಚ್, ಬಾಗುವ ನಾಝಲ್, ತೆರೆದು ಮುಚ್ಚುವ ಬಾಗಿಲುಗಳು, ಹೀಗೆ ಕೆಡಬಹುದಾದ ಭಾಗಗಳು ಜಾಸ್ತಿ. ಕೆಳಕ್ಕೆ ನುಗ್ಗುವ ಬಿಸಿಗಾಳಿಗೆ ಮಾಮೂಲಿ ಡೆಕ್ ತಡೆಯುವುದಿಲ್ಲ, ಶಾಖ ತಡೆಯುವ ವಿಶೇಷ ಲೋಹದ ಲೇಪ ಬೇಕು. 2025ರ ಜೂನ್ 14ರಂದು ಪ್ರಿನ್ಸ್ ಆಫ್ ವೇಲ್ಸ್ ಹಡಗಿನ ಎಫ್-35ಬಿ ಕೆಟ್ಟ ಹವೆಯಿಂದ ಹಡಗಿಗೆ ಮರಳಲಾಗದೆ ತಿರುವನಂತಪುರದಲ್ಲಿ ಇಳಿದದ್ದು ನೆನಪಿದೆಯಲ್ಲ? ಇಳಿದ ಮೇಲೆ ಹೈಡ್ರಾಲಿಕ್ ದೋಷ ಕಂಡಿತು. ಅದು ಮತ್ತೆ ಹಾರಿದ್ದು ಜುಲೈ 22ಕ್ಕೆ. ಎಲ್ಲಿ ಬೇಕಾದರೂ ಇಳಿಯಬಹುದು ಅನ್ನುವ ಮಾತಿಗೆ, ಅಲ್ಲಿ ರಿಪೇರಿ ಮಾಡುವವರೂ ಇರಬೇಕು ಅನ್ನುವುದನ್ನು ಸೇರಿಸಿಕೊಳ್ಳಬೇಕು.

ಮನಸ್ಸು ಬದಲಿಸಿದ ಬ್ರಿಟನ್

ಆರಿಸುವವರು ಮಾಡಬಾರದ ತಪ್ಪು ಯಾವುದು ಅಂತ ಕೇಳಿದರೆ ನಾನು ಬ್ರಿಟನ್ ಕಡೆ ಕೈ ತೋರಿಸುತ್ತೇನೆ. 2002ರಲ್ಲಿ ಅವರು ತಮ್ಮ ಹೊಸ ಹಡಗುಗಳಿಗೆ ಎಫ್-35ಬಿ ಅಂದರು. ಬೇಕಾದರೆ ಮುಂದೆ ಕ್ಯಾಟಪುಲ್ಟ್ ಹಾಕಬಹುದಾದ ಹಡಗು ಅಂತ ನಕ್ಷೆಯ ಬಗ್ಗೆ ಹೇಳಿಕೊಂಡರು. 2010ರ ಅಕ್ಟೋಬರ್‌ನಲ್ಲಿ ಹೊಸ ಸರ್ಕಾರ 'ಬಿ' ಬೇಡ, 'ಸಿ' ಇರಲಿ ಅಂದಿತು. ಹಡಗಿನ ಕೆಲಸ ಆಗಲೇ ನಡೆಯುತ್ತಿತ್ತು. ಒಂದು ಹಡಗಿಗೆ ಕ್ಯಾಟಪುಲ್ಟ್ ಮತ್ತು ಹಗ್ಗ ಕೂರಿಸುವ ಖರ್ಚು ಸುಮಾರು 100 ಕೋಟಿ ಪೌಂಡ್ ಅಂದುಕೊಂಡದ್ದು 200 ಕೋಟಿ ಹತ್ತಿರ ಹೋಯಿತು. 2012ರ ಮೇ ತಿಂಗಳಲ್ಲಿ ಮತ್ತೆ 'ಬಿ'ಗೇ ಬಂದರು. ಈ ಹೋಗಿಬರುವ ಆಟಕ್ಕೆ 7.4 ಕೋಟಿ ಪೌಂಡ್ ಹೋಯಿತು ಅಂತ ಅವರದೇ ಲೆಕ್ಕಪರಿಶೋಧಕರು ಬರೆದರು.

ಕ್ಯಾಟಪುಲ್ಟ್ ಅಂದರೆ ಡೆಕ್ ಮೇಲೆ ಕೂರಿಸುವ ಪೆಟ್ಟಿಗೆ ಅಲ್ಲ. ಅದರ ಕೆಳಗೆ ಕೋಣೆಗಳು, ವಿದ್ಯುತ್ ಅಥವಾ ಉಗಿಯ ವ್ಯವಸ್ಥೆ, ಅದನ್ನು ನಡೆಸುವ ಜನ ಎಲ್ಲ ಬೇಕು. ಮನೆಯ ಗೋಡೆ ಎದ್ದ ಮೇಲೆ ಪಾಯ ಅಗಲ ಮಾಡಲು ಹೊರಟ ಹಾಗಾಗುತ್ತದೆ.

ಯಾರಿಗೆ ಯಾವುದು

ಹಡಗು ಚಿಕ್ಕದಿದ್ದರೆ, ಆಗಲೇ ಕಟ್ಟಿ ಮುಗಿದಿದ್ದರೆ, ನೇರ ಇಳಿಯುವ ವಿಮಾನ ಬಿಟ್ಟು ಬೇರೆ ದಾರಿ ಇಲ್ಲ. ಜಪಾನ್ ಅದನ್ನೇ ಮಾಡಿತು. 248 ಮೀಟರ್ ಉದ್ದದ ಇಜುಮೊ ಹೆಲಿಕಾಪ್ಟರ್‌ಗಳಿಗೆಂದು ಕಟ್ಟಿದ ಹಡಗು. ಡೆಕ್ ಗಟ್ಟಿ ಮಾಡಿ, 2021ರ ಅಕ್ಟೋಬರ್‌ನಲ್ಲಿ ಅದರ ಮೇಲೆ ಅಮೆರಿಕದ ಎಫ್-35ಬಿ ಇಳಿಸಿ ನೋಡಿದರು. ಇಟಲಿಯ ಕಾವೂರ್ ಕೂಡ ಇದೇ ಸಾಲಿನದು. ಮಿತ್ರದೇಶಗಳ ಹಡಗಿಗೆ ಒಬ್ಬರ ವಿಮಾನ ಇನ್ನೊಬ್ಬರು ಇಳಿಸಿಕೊಳ್ಳುವುದೂ ಸುಲಭ. 2021ರಲ್ಲಿ ಕ್ವೀನ್ ಎಲಿಜಬೆತ್ ಹೊತ್ತು ತಂದ 18 ಎಫ್-35ಬಿಗಳಲ್ಲಿ 10 ಅಮೆರಿಕದ ಮರೀನ್‌ಗಳವು. ಇಂಥ ದೇಶಗಳಿಗೆ 'ಬಿ' ಒಳ್ಳೆಯ ಆಯ್ಕೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಆದರೆ ಇವತ್ತು ಈ ಬಗೆಯ ಹೊಸ ಯುದ್ಧವಿಮಾನ ಸಿಗುವ ಅಂಗಡಿ ಒಂದೇ. ಅಮೆರಿಕ ಕೊಡದಿದ್ದರೆ ಹಡಗು ಬರಿದಾಗುತ್ತದೆ. ಟರ್ಕಿಯನ್ನು 2019ರಲ್ಲಿ ಎಫ್-35 ಯೋಜನೆಯಿಂದ ಹೊರಗಿಟ್ಟರು, ಅವರ ಅನಾಡೋಲು ಹಡಗು ಈಗ ಡ್ರೋನ್‌ಗಳನ್ನು ನಂಬಿದೆ. ಥಾಯ್ಲೆಂಡಿನ ಚಕ್ರಿ ನರುಬೆಟ್‌ನ ಹ್ಯಾರಿಯರ್‌ಗಳು ಹಳೆಯದಾಗಿ ಮೂಲೆ ಸೇರಿದ ಮೇಲೆ ಅಲ್ಲಿ ಜೆಟ್ ವಿಮಾನವೇ ಇಲ್ಲ. ಸಂಬಂಧ ಎಷ್ಟು ಗಟ್ಟಿ ಅನ್ನುವುದನ್ನು ಮೊದಲು ನೋಡಿ, ಆಮೇಲೆ ವಿಮಾನ ನೋಡಿ.

ದೂರದ ಸಮುದ್ರದಲ್ಲಿ, ದೊಡ್ಡ ವೈರಿಯ ಎದುರು ತನ್ನ ಬಲದಿಂದಲೇ ನಿಲ್ಲಬೇಕಾದ ದೇಶಕ್ಕೆ ಕ್ಯಾಟಪುಲ್ಟ್ ಬೇಕು. ಹಣ ಜಾಸ್ತಿ ಹೋಗುತ್ತದೆ, ಕಲಿಯಲು ವರ್ಷಗಳು ಹಿಡಿಯುತ್ತವೆ. ಆದರೂ ಬೇಕು.

ನಾವು ಈಗ ಇರುವುದು ಮೂರನೆಯ ದಾರಿಯಲ್ಲಿ. ಕಾರವಾರದಲ್ಲಿ ನೆಲೆ ನಿಂತ ವಿಕ್ರಮಾದಿತ್ಯ, 2022ರಲ್ಲಿ ಸೇವೆಗೆ ಬಂದ ಹೊಸ ವಿಕ್ರಾಂತ್, ಎರಡರಲ್ಲೂ ಏರಲು ಸ್ಕೀ-ಜಂಪ್, ಇಳಿಯಲು ಕೊಕ್ಕೆ ಮತ್ತು ಹಗ್ಗ. ವಿಮಾನವನ್ನು ಹಿಡಿದು ನಿಲ್ಲಿಸಿ, ಎಂಜಿನ್ ಪೂರ್ತಿ ಬಲಕ್ಕೆ ಬಂದ ಮೇಲೆ ಬಿಡುತ್ತಾರೆ. ಅದು ತನ್ನ ಬಲದಿಂದಲೇ 14 ಡಿಗ್ರಿ ಏರು ಹತ್ತಿ ಹಾರುತ್ತದೆ. ಖರ್ಚು ಕಡಿಮೆ, ಆದರೆ ಇಂಧನ ಮತ್ತು ಬಾಂಬು ಎರಡನ್ನೂ ಪೂರ್ತಿ ತುಂಬಿಕೊಂಡು ಏಳಲು ಆಗುವುದಿಲ್ಲ. ಈ ಹಡಗುಗಳಿಗೆ 2025ರ ಏಪ್ರಿಲ್‌ನಲ್ಲಿ 22 ರಫೇಲ್-ಎಂ (ಜೊತೆಗೆ ತರಬೇತಿಗೆ 4 ಜೋಡಿ ಆಸನದ ರಫೇಲ್) ಕೊಳ್ಳುವ ಒಪ್ಪಂದ ಆಯಿತು. ಎಫ್-35ಬಿ ಬದಲು ಇದನ್ನು ಆರಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಹಗ್ಗ ಇದೆ, ಕೊಕ್ಕೆ ಪಳಗಿದ ಪೈಲಟ್‌ಗಳಿದ್ದಾರೆ, ವಾಯುಪಡೆ ಆಗಲೇ 36 ರಫೇಲ್ ಕೊಂಡಿದೆ, ಬಿಡಿಭಾಗ ಮತ್ತು ತರಬೇತಿ ಎರಡಕ್ಕೂ ಅನುಕೂಲ. ಮುಂದೆ ಕ್ಯಾಟಪುಲ್ಟ್ ಇರುವ ಹಡಗು ಬಂದರೂ ಇದೇ ವಿಮಾನ ಅಲ್ಲೂ ಹಾರಬಲ್ಲದು. ಅದು ಹುಟ್ಟಿದ್ದೇ ಕ್ಯಾಟಪುಲ್ಟಿಗೆ.

ಬೋಗ್ಮಾಲೋ ಅಂಗಳದಲ್ಲಿ ಇನ್ನೊಂದು ವಿಮಾನ ಇದೆ. ಅಲೀಝೆ ಅಂತ, ಮೂಗಿಗೆ ದೊಡ್ಡ ಫ್ಯಾನ್ ಇರುವ, ಮೂರು ಜನ ಕೂರುವ ವಿಮಾನ. ಹೊಟ್ಟೆಯಿಂದ ರೇಡಾರ್ ಕೆಳಗಿಳಿಸಿ ಸಮುದ್ರ ಹುಡುಕುತ್ತಿತ್ತು. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹಳೆಯ ವಿಕ್ರಾಂತ್‌ನಿಂದ ಹಾರಿತ್ತು. ಆ ಹಡಗು ಸುಮಾರು 20 ಸಾವಿರ ಟನ್ನಿನದು, ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು, ಆದರೂ ಕ್ಯಾಟಪುಲ್ಟ್ ಇತ್ತು. ಇವತ್ತಿನ ವಿಕ್ರಾಂತ್ ಅದರ ಎರಡರಷ್ಟು ದೊಡ್ಡದು. ಅದರಿಂದ ಇಂಥ ಹುಡುಕುವ ರೇಡಾರ್ ಹೊತ್ತು ಏಳುವುದು ಹೆಲಿಕಾಪ್ಟರ್ ಮಾತ್ರ. ಮೂರನೆಯ ಹಡಗಿನ ನಕ್ಷೆ ಬರೆಯುವವರು ಕ್ಯಾಟಪುಲ್ಟಿನ ಜಾಗವನ್ನು ಉಕ್ಕು ಕತ್ತರಿಸುವ ಮೊದಲೇ ಗುರುತಿಸಬೇಕು.